ಕಾಗದ ಇಟ್ಟುಕೊಂಡವರು

ಮೂರು ವರ್ಷದ ಹಿಂದೆ ಒಂದು ರಾತ್ರಿ ನಾನು ಹನ್ನೊಂದು ವಾರ್ಷಿಕ ವರದಿಗಳನ್ನು ಅಳಿಸಿಹಾಕಿದೆ. ಉತ್ತರ ಕರ್ನಾಟಕದ ಒಂದು ಗಿರಣಿ ಊರಿನ ಕಾರ್ಮಿಕರ ಚರಿತ್ರೆ ನನ್ನ ಪಿಎಚ್.ಡಿ. ವಿಷಯ. ಗಿರಣಿ ಮುಚ್ಚಿ ದಶಕಗಳಾಗಿವೆ. ಹಳೆಯ ಷೇರುದಾರರೊಬ್ಬರ ಮನೆಯ ಅಟ್ಟದಲ್ಲಿ ಸಿಕ್ಕ ವರದಿಗಳನ್ನು ಸ್ಕ್ಯಾನ್ ಮಾಡಿ ನನ್ನದೊಂದು ಪುಟ್ಟ ಜಾಲತಾಣದಲ್ಲಿ ಹಾಕಿದ್ದೆ. ಅವು ಅಚ್ಚಾಗಿ ಷೇರುದಾರರಿಗೆಲ್ಲ ಅಂಚೆಯಲ್ಲಿ ಹೋಗಿದ್ದ ಪುಸ್ತಿಕೆಗಳು, ಕಂಪನಿ ರಿಜಿಸ್ಟ್ರಾರರ ಕಚೇರಿಗೂ ಸಲ್ಲಿಕೆಯಾಗಿದ್ದ ಲೆಕ್ಕಪತ್ರಗಳು. ಗುಟ್ಟಿನದೇನೂ ಇರಲಿಲ್ಲ.

ಒಂದು ದಿನ ಆ ಗಿರಣಿಯ ಆಸ್ತಿಗೆ ಈಗ ವಾರಸುದಾರನಾಗಿರುವ ಸಂಸ್ಥೆಯ ವಕೀಲರಿಂದ ಎರಡು ಪುಟದ ಪತ್ರ ಬಂತು. ಈ ದಾಖಲೆಗಳ ಹಕ್ಕುಸ್ವಾಮ್ಯ ನಮ್ಮ ಕಕ್ಷಿದಾರರದು, ಕೂಡಲೇ ತೆಗೆಯದಿದ್ದರೆ ಕಾನೂನು ಕ್ರಮ ಜರುಗಿಸಬೇಕಾಗುತ್ತದೆ ಎಂದಿತ್ತು. ಜಾಲತಾಣಕ್ಕೆ ಜಾಗ ಕೊಟ್ಟಿದ್ದ ಕಂಪನಿಗೂ ಅದರ ಪ್ರತಿ ಹೋಗಿತ್ತು. ನಾನು ಯಾರನ್ನೂ ಕೇಳಲಿಲ್ಲ. ಕಾಯ್ದೆ ತೆರೆದು ನೋಡಲಿಲ್ಲ. ಫೆಲೋಶಿಪ್ ಹಣದಲ್ಲಿ ವಕೀಲರನ್ನು ಇಡುವುದು ಹೇಗೆ ಎಂದಷ್ಟೇ ಯೋಚಿಸಿ ರಾತ್ರಿ ಹನ್ನೆರಡರೊಳಗೆ ಎಲ್ಲವನ್ನೂ ತೆಗೆದೆ.

ವಾರದ ಮೇಲೆ ಆ ಊರಿನಿಂದ ಫೋನು ಬಂತು. ನೇಯ್ಗೆ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಹಿರಿಯರು. ಒಂದು ವರದಿಯ ಕೊನೆಯಲ್ಲಿ ಲೆಕ್ಕಪರಿಶೋಧಕರ ಒಂದು ಸಾಲಿನ ಟಿಪ್ಪಣಿಯಿತ್ತು: ಕಾರ್ಮಿಕರ ಗ್ರ್ಯಾಚುಟಿಗೆಂದು ಲೆಕ್ಕದಲ್ಲಿ ಹಣ ತೆಗೆದಿಟ್ಟಿಲ್ಲ. ಆ ಸಾಲನ್ನು ಅವರಿಗೆ ಓದಿ ಹೇಳಿದ್ದೇ ನಾನು. ಮೊಮ್ಮಗನ ಮೊಬೈಲಿನಲ್ಲಿ ಅದನ್ನು ತೆಗೆಸಿ ಜೊತೆಗಾರರಿಗೆಲ್ಲ ತೋರಿಸುತ್ತಿದ್ದರಂತೆ. “ಆ ಹಾಳಿ ಕಾಣವಲ್ದು ತಂಗಿ, ನೀನೇ ತೆಗದಿಯೇನು?” ಎಂದು ಕೇಳಿದರು. ಹೌದು ಅಂದೆ. ಅವರು ಸಿಟ್ಟಾಗಲಿಲ್ಲ. “ಇರಲಿ ಬಿಡು” ಎಂದು ಫೋನಿಟ್ಟರು.

ಆ ‘ಇರಲಿ ಬಿಡು’ ನನ್ನನ್ನು ಬಹಳ ದಿನ ಕಾಡಿತು. ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಮೊದಲ ವರ್ಷದಲ್ಲೇ ಕಲಿಸುವ ಪ್ರಶ್ನೆಗಳಿವೆ: ಈ ದಾಖಲೆಯನ್ನು ಬರೆದವರು ಯಾರು? ಯಾರಿಗಾಗಿ ಬರೆದರು? ಯಾವ ಉದ್ದೇಶಕ್ಕೆ? ಆದರೆ ಇದನ್ನು ಇಷ್ಟು ದಿನ ಇಟ್ಟುಕೊಂಡವರು ಯಾರು, ತೆಗೆಯಿರಿ ಎಂದಾಗ ಒಲ್ಲೆ ಎಂದವರು ಯಾರು ಎಂದು ನಾವು ಕೇಳುವುದು ಕಡಿಮೆ. ನಾನು ಅಳಿಸಿದ ಮೇಲೆ ಅಳಿಸದೆ ಉಳಿಸಿದವರ ಕಥೆಗಳನ್ನು ಹುಡುಕಿಕೊಂಡು ಹೋದೆ. ಅಂಥ ಮೂರು ಪ್ರಸಂಗಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಮೂರೂ ಅಮೆರಿಕದವು. ಕಂಪನಿಗಳ ಕಾಗದ, ಕಾಪಿರೈಟು ಮತ್ತು ಅಂತರ್ಜಾಲ ಒಂದಕ್ಕೊಂದು ಮೊದಲು ಡಿಕ್ಕಿ ಹೊಡೆದದ್ದು ಅಲ್ಲಿಯೇ.

*

1994ರ ಏಪ್ರಿಲ್ 14ರಂದು ಅಮೆರಿಕದ ಏಳು ದೊಡ್ಡ ತಂಬಾಕು ಕಂಪನಿಗಳ ಮುಖ್ಯಸ್ಥರು ಸಂಸತ್ತಿನ ಉಪಸಮಿತಿಯ ಮುಂದೆ ಸಾಲಾಗಿ ನಿಂತು ಪ್ರಮಾಣ ಮಾಡಿದರು. ನಿಕೋಟಿನ್ ಚಟ ಹಿಡಿಸುತ್ತದೆಂದು ತಾವು ನಂಬುವುದಿಲ್ಲವೆಂದು ಒಬ್ಬೊಬ್ಬರಾಗಿ ಹೇಳಿದರು. ಅವರಲ್ಲಿ ಬ್ರೌನ್ ಆ್ಯಂಡ್ ವಿಲಿಯಮ್ಸನ್ ಕಂಪನಿಯವರೂ ಇದ್ದರು. ಅದು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊದ ಅಂಗಸಂಸ್ಥೆ.

ಸುಮಾರು ಒಂದು ತಿಂಗಳ ನಂತರ, ಮೇ 12ರಂದು, ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಪ್ರಾಧ್ಯಾಪಕರಾಗಿದ್ದ ಸ್ಟ್ಯಾಂಟನ್ ಗ್ಲ್ಯಾಂಟ್ಜ್ ಅವರಿಗೆ ಒಂದು ಪೆಟ್ಟಿಗೆ ಬಂತು. ಕಳುಹಿಸಿದವರ ಹೆಸರಿನ ಜಾಗದಲ್ಲಿ ‘ಮಿಸ್ಟರ್ ಬಟ್ಸ್’ ಎಂದಿತ್ತು. ಅದು ಒಂದು ಪತ್ರಿಕಾ ವ್ಯಂಗ್ಯಚಿತ್ರ ಸರಣಿಯಲ್ಲಿ ಬರುವ ಸಿಗರೇಟಿನ ಪಾತ್ರ. ಪೆಟ್ಟಿಗೆಯೊಳಗೆ ಬ್ರೌನ್ ಆ್ಯಂಡ್ ವಿಲಿಯಮ್ಸನ್‌ನ ಸುಮಾರು 4,000 ಪುಟಗಳಷ್ಟು ಒಳಪತ್ರಗಳಿದ್ದವು. ಕೆಂಟಕಿಯ ಲೂಯಿವಿಲ್ ನಗರದಲ್ಲಿ ಆ ಕಂಪನಿಯ ವಕೀಲರ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸಕ್ಕಿದ್ದ ಮೆರಿಲ್ ವಿಲಿಯಮ್ಸ್ ಎಂಬವರು ಗುಟ್ಟಾಗಿ ನಕಲು ತೆಗೆದಿದ್ದ ಪತ್ರಗಳು ಅವು. ನಿಕೋಟಿನ್ ಚಟ ಹಿಡಿಸುವ ವಸ್ತು ಎಂದು ಕಂಪನಿಯ ವಕೀಲರೇ 1963ರಲ್ಲಿ ಬರೆದಿದ್ದ ಟಿಪ್ಪಣಿಯೂ ಅವುಗಳಲ್ಲಿತ್ತು. ಸಂಸತ್ತಿನಲ್ಲಿ ಪ್ರಮಾಣ ಮಾಡಿ ಅಲ್ಲಗಳೆದ ಮಾತನ್ನು ಕಂಪನಿ ಮೂವತ್ತೊಂದು ವರ್ಷದ ಹಿಂದೆಯೇ ಕಾಗದದ ಮೇಲೆ ಒಪ್ಪಿಕೊಂಡಿತ್ತು.

ಪತ್ರಿಕೆಗಳು ಈ ಕಾಗದಗಳ ಬಗ್ಗೆ ವರದಿ ಮಾಡಿದವು. ಸುದ್ದಿ ಒಂದು ದಿನ ಓದಿಸಿಕೊಂಡು ಹಳೆಯದಾಗುತ್ತದೆ. ಗ್ಲ್ಯಾಂಟ್ಜ್ ಮಾಡಿದ ಕೆಲಸ ಬೇರೆ. ತನ್ನ ಕೋಣೆಯಲ್ಲಿ ಬೀಗ ಹಾಕಿಡದೆ ಅವುಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯದ ಪತ್ರಾಗಾರಕ್ಕೆ ಒಪ್ಪಿಸಿದರು. ಅಲ್ಲಿಗೆ ಯಾರು ಬೇಕಾದರೂ ಹೋಗಿ ಓದಬಹುದಾಗಿತ್ತು.

1995ರ ಆರಂಭದಲ್ಲಿ ಕಂಪನಿಗೆ ಇದು ಗೊತ್ತಾಯಿತು. ಕಾಗದಗಳು ಕದ್ದ ಮಾಲು, ನಮ್ಮ ಸ್ವತ್ತು, ಹಿಂದಿರುಗಿಸಿ, ಯಾರಿಗೂ ತೋರಿಸಬೇಡಿ ಎಂದು ಪತ್ರ ಬರೆಯಿತು. ಗ್ರಂಥಾಲಯದಲ್ಲಿ ಯಾರು ಬಂದು ಓದುತ್ತಾರೆಂದು ನೋಡಿಕೊಳ್ಳಲು ಖಾಸಗಿ ಪತ್ತೇದಾರರನ್ನೂ ಬಿಟ್ಟಿತು. ವಾಚನಾಲಯದ ಹೊರಗೆ ಕೂತು ಓದುಗರ ಮೇಲೆ ಕಣ್ಣಿಡುವ ಪತ್ತೇದಾರರನ್ನು ನೆನೆದುಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಗ್ರಂಥಾಲಯ ಒಪ್ಪದಿದ್ದಾಗ ಕಂಪನಿ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿತು.

ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಧೀಶ ಸ್ಟುವರ್ಟ್ ಪೊಲಾಕ್ ಕಂಪನಿಯ ಬೇಡಿಕೆಯನ್ನು ತಳ್ಳಿಹಾಕಿದರು. ಕಾಗದಗಳು ಈಗಾಗಲೇ ಊರೆಲ್ಲ ಹರಡಿವೆ, ಜನರ ಆರೋಗ್ಯಕ್ಕೆ ಸಂಬಂಧಿಸಿವೆ ಎಂಬ ಎರಡು ಮಾತುಗಳು ಗ್ರಂಥಾಲಯದ ಪರವಾಗಿ ನಿಂತವು. ಜೂನ್ 29ರಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ತಡೆ ಕೊಡಲು ಒಪ್ಪಲಿಲ್ಲ. ಜುಲೈ 1ರಂದು ಗ್ರಂಥಾಲಯ ಆ ಪುಟಗಳನ್ನು ಅಂತರ್ಜಾಲಕ್ಕೆ ಏರಿಸಿತು. ಅಂತರ್ಜಾಲವೆಂದರೆ ಏನೆಂದು ಬಹುಪಾಲು ಜನರಿಗೆ ಗೊತ್ತಿಲ್ಲದ ಕಾಲ ಅದು.

ಅದೇ ವರ್ಷದ ನವೆಂಬರಿನಲ್ಲಿ ನಡೆದ ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇದೇ ಕಂಪನಿಯ ಮಾಜಿ ಸಂಶೋಧನಾ ಮುಖ್ಯಸ್ಥ ಜೆಫ್ರಿ ವೈಗಂಡ್ ಅವರ ಸಂದರ್ಶನವನ್ನು ಸಿಬಿಎಸ್ ವಾಹಿನಿ ಚಿತ್ರೀಕರಿಸಿ ಇಟ್ಟುಕೊಂಡಿತ್ತು. ಕಂಪನಿ ದಾವೆ ಹಾಕೀತು ಎಂದು ವಾಹಿನಿಯ ವಕೀಲರು ಎಚ್ಚರಿಸಿದ್ದರಿಂದ ಅದನ್ನು ಪ್ರಸಾರ ಮಾಡದೆ ತಡೆಹಿಡಿಯಿತು. ಪೂರ್ತಿ ಸಂದರ್ಶನ ಪ್ರಸಾರವಾದದ್ದು 1996ರ ಫೆಬ್ರುವರಿಯಲ್ಲಿ, ಬೇರೊಂದು ಪತ್ರಿಕೆ ವೈಗಂಡ್ ಅವರ ನ್ಯಾಯಾಲಯದ ಹೇಳಿಕೆಯನ್ನು ಅಚ್ಚು ಹಾಕಿದ ಮೇಲೆ. ಹಣ, ಹೆಸರು, ವಕೀಲರ ಪಡೆ ಎಲ್ಲವೂ ಇದ್ದ ವಾಹಿನಿ ಹಿಂಜರಿಯಿತು. ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ ಹಿಂಜರಿಯಲಿಲ್ಲ. ಬೆದರಿಕೆಗೆ ಬಾಗದಿರಲು ದೊಡ್ಡವರಾಗಿರಬೇಕೆಂದು ನಾನು ಅಂದುಕೊಂಡಿದ್ದೆ. ಅದು ತಪ್ಪು. ಕಾಗದವನ್ನು ಇಟ್ಟುಕೊಳ್ಳುವುದೇ ನಮ್ಮ ಕೆಲಸ ಎಂದು ನಂಬಿದವರಿಗೆ ಒಲ್ಲೆ ಎನ್ನುವುದು ಅಷ್ಟು ಕಷ್ಟವಾಗಲಿಲ್ಲ.

ಮುಂದೆ 1998ರಲ್ಲಿ ತಂಬಾಕು ಕಂಪನಿಗಳು 46 ರಾಜ್ಯಗಳ ಜೊತೆ ಮಾಡಿಕೊಂಡ ರಾಜಿ ಒಪ್ಪಂದದಲ್ಲಿ ದಂಡದ ಹಣದ ಜೊತೆಗೆ ಇನ್ನೊಂದು ಷರತ್ತೂ ಸೇರಿತು: ಮೊಕದ್ದಮೆಗಳಲ್ಲಿ ಹೊರಬಂದ ಒಳಪತ್ರಗಳನ್ನು ಕಂಪನಿಗಳೇ ಅಂತರ್ಜಾಲದಲ್ಲಿ ಇಡಬೇಕು. ಅದೇ ವಿಶ್ವವಿದ್ಯಾಲಯದ ಗ್ರಂಥಾಲಯದ ತಂಬಾಕು ಪತ್ರಾಗಾರದಲ್ಲಿ ಇವತ್ತು ಒಂದು ಕೋಟಿಗೂ ಮೀರಿದ ದಾಖಲೆಗಳಿವೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬಗ್ಗೆ ಕೆಲಸ ಮಾಡುವವರೂ ಜಾಗತಿಕ ತಂಬಾಕು ವ್ಯಾಪಾರ ತಿಳಿಯಲು ಅಲ್ಲಿಗೆ ಹೋಗಬೇಕು. ಅಷ್ಟಕ್ಕೂ ಮೂಲ ಒಂದು ಪೆಟ್ಟಿಗೆ, ಅದನ್ನು ಹಿಂದಿರುಗಿಸದ ಒಂದು ಗ್ರಂಥಾಲಯ.

*

1998ರಲ್ಲಿಯೇ ಅಮೆರಿಕದಲ್ಲಿ ಇನ್ನೊಂದು ಬದಲಾವಣೆಯಾಯಿತು. ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಕಾಯ್ದೆ ಜಾರಿಗೆ ಬಂತು. ಜಾಲತಾಣದಲ್ಲಿ ಯಾರೋ ಬೇರೆಯವರ ಹಾಡನ್ನೋ ಪುಸ್ತಕವನ್ನೋ ಅನುಮತಿಯಿಲ್ಲದೆ ಹಾಕಿದರೆ, ಜಾಗ ಕೊಟ್ಟ ಕಂಪನಿ ಅದಕ್ಕೆ ಹೊಣೆಯೇ? ಕಾಯ್ದೆಯ 512ನೇ ಕಲಂ ಇದಕ್ಕೆ ಒಂದು ದಾರಿ ಹುಡುಕಿತು. ಹಕ್ಕುದಾರರು ನೋಟಿಸು ಕೊಡಬೇಕು. ನೋಟಿಸು ತಲುಪಿದ ಕೂಡಲೇ ತೆಗೆದುಹಾಕಿದರೆ ಮಧ್ಯವರ್ತಿಗೆ ಹೊಣೆಯಿಲ್ಲ. ಹಾಕಿದವರು ಇದು ತಪ್ಪು ನೋಟಿಸೆಂದು ಪ್ರತಿ-ನೋಟಿಸು ಕೊಟ್ಟರೆ, ಹಕ್ಕುದಾರರು ದಾವೆ ಹೂಡದಿದ್ದ ಪಕ್ಷದಲ್ಲಿ, ಎರಡು ವಾರದ ಸುಮಾರಿಗೆ ಮತ್ತೆ ಹಾಕಬಹುದು.

ಕಾಗದದ ಮೇಲೆ ಇದು ಸಮತೂಕದ ಏರ್ಪಾಟಿನಂತೆ ಕಾಣುತ್ತದೆ. ನಡೆಯುವಾಗ ತಕ್ಕಡಿ ಒಂದೇ ಕಡೆ ವಾಲುತ್ತದೆ. ಗ್ರಂಥಾಲಯದಿಂದ ಕಾಗದ ಬಿಡಿಸಿಕೊಳ್ಳಲು ತಂಬಾಕು ಕಂಪನಿ ನ್ಯಾಯಾಲಯಕ್ಕೆ ಹೋಗಿ, ನ್ಯಾಯಾಧೀಶರನ್ನು ಒಪ್ಪಿಸಬೇಕಾಗಿತ್ತು, ಸೋತಿತು. ಹೊಸ ಏರ್ಪಾಟಿನಲ್ಲಿ ನ್ಯಾಯಾಧೀಶರು ಬೇಕಿಲ್ಲ, ಒಂದು ಪತ್ರ ಸಾಕು. ಪತ್ರ ಹೋಗುವುದು ಬರೆದವರಿಗಲ್ಲ, ಜಾಗ ಕೊಟ್ಟವರಿಗೆ. ಜಾಗ ಕೊಟ್ಟವರಿಗೆ ಆ ದಾಖಲೆಯಲ್ಲಿ ಏನಿದೆ ಎಂಬುದರ ಗೊಡವೆ ಏಕೆ? ತೆಗೆದರೆ ನಷ್ಟವಿಲ್ಲ, ಇಟ್ಟರೆ ತಲೆನೋವು. ಹಾಡುಗಳ್ಳರನ್ನು ಹಿಡಿಯಲು ಹೆಣೆದ ಬಲೆಯನ್ನು ಬೇರೆ ಮೀನು ಹಿಡಿಯಲು ಬೀಸಬಹುದು ಎಂಬುದು ಕಂಪನಿಗಳಿಗೆ ಬೇಗ ಹೊಳೆಯಿತು.

2003ರಲ್ಲಿ ಡೀಬೋಲ್ಡ್ ಎಂಬ ಕಂಪನಿ ಅದನ್ನೇ ಮಾಡಿತು. ಅದರ ಅಂಗಸಂಸ್ಥೆ ಅಮೆರಿಕದ ಅನೇಕ ರಾಜ್ಯಗಳಿಗೆ ಮತಯಂತ್ರಗಳನ್ನು ಒದಗಿಸುತ್ತಿತ್ತು. ಆ ವರ್ಷ ಕಂಪನಿಯ ನೌಕರರು ಒಬ್ಬರಿಗೊಬ್ಬರು ಬರೆದ ಸಾವಿರಾರು ಇಮೇಲ್‌ಗಳು ಹೊರಬಿದ್ದವು. ಅವುಗಳಲ್ಲಿ ಯಂತ್ರಗಳ ದೋಷಗಳ ಮಾತಿತ್ತು. ಮತ ಎಣಿಕೆಯ ದತ್ತಾಂಶವನ್ನು ಗುಪ್ತಪದವಿಲ್ಲದೆ ತೆರೆದು ತಿದ್ದಬಹುದು ಎಂಬ ಚರ್ಚೆಯಿತ್ತು. 2000ದ ಅಧ್ಯಕ್ಷೀಯ ಚುನಾವಣೆಯ ರಾತ್ರಿ ಫ್ಲಾರಿಡಾದ ವೊಲೂಸಿಯಾ ಕೌಂಟಿಯ 216ನೇ ಮತಗಟ್ಟೆಯಿಂದ ಆಲ್ ಗೋರ್ ಅವರಿಗೆ ಮೈನಸ್ 16,022 ಮತಗಳು ಬಂದಿದ್ದವು! ಆ ತಪ್ಪನ್ನು ಆ ರಾತ್ರಿಯೇ ಸರಿಪಡಿಸಿದ್ದರು. ಹಾಗಾದದ್ದು ಏಕೆ ಎಂದು ಚುನಾವಣಾ ಕಚೇರಿಯವರು ಎರಡು ತಿಂಗಳ ಮೇಲೂ ಕೇಳುತ್ತಲೇ ಇದ್ದರು ಎಂಬುದು ಈ ಇಮೇಲ್‌ಗಳಿಂದ ತಿಳಿಯಿತು. ಆ ಯಂತ್ರ ಮಾಡಿದ್ದ ಕಂಪನಿಯನ್ನು 2002ರಲ್ಲಿ ಡೀಬೋಲ್ಡ್ ಕೊಂಡುಕೊಂಡಿತ್ತು.

ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಎಂಬ ಸಣ್ಣ ಕಾಲೇಜಿನ ವಿದ್ಯಾರ್ಥಿಗಳು ಈ ಇಮೇಲ್‌ಗಳನ್ನು ಅಂತರ್ಜಾಲದಲ್ಲಿ ಹಾಕಿದರು. ಡೀಬೋಲ್ಡ್ ಕಾಲೇಜಿಗೆ ನೋಟಿಸು ಕಳುಹಿಸಿತು. ಇಮೇಲ್‌ಗಳು ನಮ್ಮ ಹಕ್ಕುಸ್ವಾಮ್ಯಕ್ಕೆ ಸೇರಿದವು, ತೆಗೆಸಿ. ಕಾಲೇಜು ಮಣಿಯಿತು. ವಿದ್ಯಾರ್ಥಿಗಳು ಮಣಿಯಲಿಲ್ಲ. ಒಬ್ಬರ ಕಂಪ್ಯೂಟರಿನಿಂದ ತೆಗೆಸಿದರೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಹಾಕಿದರು. ಬೇರೆ ಬೇರೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಪ್ರತಿ ಮಾಡಿಟ್ಟುಕೊಂಡರು. ಪೊಲೀಸರ ಕಣ್ಣು ತಪ್ಪಿಸಿ ಮನೆಯಿಂದ ಮನೆಗೆ ಸಾಗುತ್ತಿದ್ದ ನಮ್ಮ ಸ್ವಾತಂತ್ರ್ಯ ಚಳವಳಿಯ ಸೈಕ್ಲೋಸ್ಟೈಲ್ ಯಂತ್ರಗಳು ನನಗೆ ಇಲ್ಲಿ ನೆನಪಾಗುತ್ತವೆ.

ಕಂಪನಿಯ ನೋಟಿಸುಗಳು ಇನ್ನೂ ದೂರ ಹೋದವು. ಸ್ಯಾನ್ ಫ್ರಾನ್ಸಿಸ್ಕೊದ ಒಂದು ಸುದ್ದಿತಾಣ ಈ ಇಮೇಲ್‌ಗಳು ಎಲ್ಲಿ ಸಿಗುತ್ತವೆಂದು ಕೊಂಡಿಯಷ್ಟೇ ಕೊಟ್ಟಿತ್ತು. ಆ ತಾಣಕ್ಕೆ ಜಾಗ ಕೊಟ್ಟದ್ದು ಆನ್‌ಲೈನ್ ಪಾಲಿಸಿ ಗ್ರೂಪ್ ಎಂಬ ಲಾಭರಹಿತ ಸಂಸ್ಥೆ. ಡೀಬೋಲ್ಡ್ ಅದಕ್ಕೂ ನೋಟಿಸು ಕೊಟ್ಟಿತು, ಅದಕ್ಕೆ ಸಂಪರ್ಕ ಒದಗಿಸುತ್ತಿದ್ದ ಹರಿಕೇನ್ ಎಲೆಕ್ಟ್ರಿಕ್ ಎಂಬ ಮೇಲಿನ ಕಂಪನಿಗೂ ಕೊಟ್ಟಿತು. ದಾಖಲೆ ಹಾಕಿದವನಲ್ಲ, ದಾಖಲೆ ಇರುವ ಜಾಗ ತೋರಿಸಿದವನಿಗೆ ಮನೆ ಬಾಡಿಗೆ ಕೊಟ್ಟವನು, ಅವನಿಗೆ ನೀರು ಬಿಡುವವನು, ಎಲ್ಲರಿಗೂ ಪತ್ರ.

ಆ ಲಾಭರಹಿತ ಸಂಸ್ಥೆ ಒಪ್ಪಲಿಲ್ಲ. ನವೆಂಬರಿನಲ್ಲಿ ಅದು ಮತ್ತು ಸ್ವಾರ್ತ್‌ಮೋರ್‌ನ ಇಬ್ಬರು ವಿದ್ಯಾರ್ಥಿಗಳು, ನೆಲ್ಸನ್ ಪಾವ್ಲೋಸ್ಕಿ ಮತ್ತು ಲ್ಯೂಕ್ ಸ್ಮಿತ್, ತಾವೇ ಡೀಬೋಲ್ಡ್ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಓಹಾಯೋದ ಸಂಸದ ಡೆನಿಸ್ ಕುಸಿನಿಚ್ ತಮ್ಮ ಸಂಸದೀಯ ಜಾಲತಾಣದಲ್ಲಿಯೇ ಈ ವಿಷಯ ಎತ್ತಿದರು. ಶಾಸನಸಭೆ ಇಂಥ ಕಾಗದಗಳಿಗೆ ಆಸರೆಯಾದದ್ದು ಇದೇ ಮೊದಲಲ್ಲ. 1994ರಲ್ಲಿ ತಂಬಾಕು ಕಂಪನಿ ಸಂಸದರಾದ ಹೆನ್ರಿ ವ್ಯಾಕ್ಸ್‌ಮನ್ ಮತ್ತು ರಾನ್ ವೈಡನ್ ಅವರ ಬಳಿಯಿದ್ದ ಪ್ರತಿಗಳನ್ನೂ ಕೇಳಿ ಸಮನ್ಸು ಹೊರಡಿಸಿದಾಗ, ನ್ಯಾಯಾಧೀಶ ಹೆರಾಲ್ಡ್ ಗ್ರೀನ್ ಅದನ್ನು ರದ್ದು ಮಾಡಿದ್ದರು.

ಕೆಲವೇ ವಾರಗಳಲ್ಲಿ ಡೀಬೋಲ್ಡ್ ಹಿಂದೆ ಸರಿದು, ಯಾರ ಮೇಲೂ ದಾವೆ ಹೂಡುವುದಿಲ್ಲ ಎಂದಿತು. ಮೊಕದ್ದಮೆ ಅಲ್ಲಿಗೆ ನಿಲ್ಲಲಿಲ್ಲ. 2004ರ ಸೆಪ್ಟೆಂಬರ್ 30ರಂದು ನ್ಯಾಯಾಧೀಶ ಜೆರೆಮಿ ಫೋಗೆಲ್ ತೀರ್ಪು ಕೊಟ್ಟರು. ಮತಯಂತ್ರದ ದೋಷಗಳನ್ನು ಚರ್ಚಿಸುವ ಇಮೇಲ್‌ಗಳನ್ನು ಪ್ರಕಟಿಸುವುದು ಕಾಪಿರೈಟಿನ ಉಲ್ಲಂಘನೆ ಎಂದು ಬುದ್ಧಿಯಿರುವ ಯಾವ ಹಕ್ಕುದಾರನೂ ನಂಬಲಾರ ಎಂಬುದು ತೀರ್ಪಿನ ತಿರುಳು. ಡೀಬೋಲ್ಡ್ ಆ ಇಮೇಲ್‌ಗಳನ್ನು ಮಾರಿ ಬದುಕುತ್ತಿರಲಿಲ್ಲ. ಅವು ಪ್ರಕಟವಾದರೆ ಅದಕ್ಕೆ ಮಾರುಕಟ್ಟೆಯ ನಷ್ಟವಿಲ್ಲ, ಮರ್ಯಾದೆಯ ನಷ್ಟ. ಕಾಪಿರೈಟು ಕಾಯುವುದು ಮೊದಲನೆಯದನ್ನು. ಕಂಪನಿ ಗೊತ್ತಿದ್ದೂ ಸುಳ್ಳು ನೋಟಿಸು ಕೊಟ್ಟಿತೆಂದು ನ್ಯಾಯಾಲಯ ಹೇಳಿತು. ಅಂಥ ನೋಟಿಸಿಗೆ ಕಳುಹಿಸಿದವರೇ ಹೊಣೆ ಎಂದು 512ನೇ ಕಲಮಿನಡಿ ಹೇಳಿದ ಮೊದಲ ತೀರ್ಪು ಅದು. ಡೀಬೋಲ್ಡ್ 1,25,000 ಡಾಲರ್ ತೆತ್ತು ಮುಗಿಸಿಕೊಂಡಿತು. ಅದೇ ವರ್ಷ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಅದರ ಒಂದು ಮಾದರಿಯ ಮತಯಂತ್ರಗಳ ಮಾನ್ಯತೆಯನ್ನು ಹಿಂತೆಗೆದುಕೊಂಡಿತ್ತು.

*

ಈ ಎರಡೂ ಪ್ರಸಂಗಗಳಲ್ಲಿ ಚರಿತ್ರೆಯ ವಿದ್ಯಾರ್ಥಿಯ ಕಣ್ಣಿಗೆ ಬೀಳುವ ಒಂದು ಸಂಗತಿಯಿದೆ. ಸೋರಿಕೆಯಾದ ಕಾಗದ ಸಿಕ್ಕಾಗ ನಮಗೆ ಮೊದಲು ಬರುವ ಸಂಶಯ, ಇದು ಅಸಲಿಯೋ ನಕಲಿಯೋ ಎಂಬುದು. ಹೆಸರಿಲ್ಲದ ಪೆಟ್ಟಿಗೆಯಲ್ಲಿ ಬಂದ 4,000 ಪುಟಗಳನ್ನು ಯಾರಾದರೂ ಕೂತು ಸೃಷ್ಟಿಸಿದ್ದರೆ? ಹ್ಯಾಕರ್ ಒಬ್ಬ ಇಮೇಲ್‌ಗಳ ನಡುವೆ ತನ್ನದೂ ನಾಲ್ಕು ಸೇರಿಸಿದ್ದರೆ? ಈ ಸಂಶಯ ಪರಿಹರಿಸಲು ಇತಿಹಾಸಕಾರರು ಲಿಪಿ, ಶಾಯಿ, ಕಾಗದ, ಮುದ್ರೆಗಳನ್ನೆಲ್ಲ ಪರೀಕ್ಷಿಸುತ್ತಾರೆ. ಇಲ್ಲಿ ಕಂಪನಿಯೇ ಆ ಕೆಲಸ ಮಾಡಿಕೊಟ್ಟಿತು. ‘ಕದ್ದ ಮಾಲು, ಹಿಂದಿರುಗಿಸಿ’ ಎಂದರೆ ಮಾಲು ನಮ್ಮದು ಎಂದಂತೆ. ‘ಇದರ ಹಕ್ಕುಸ್ವಾಮ್ಯ ನಮ್ಮದು’ ಎಂದರೆ ಇದನ್ನು ಬರೆದವರು ನಮ್ಮವರೇ ಎಂದು ರುಜು ಹಾಕಿದಂತೆ. ಕಾಗದ ಸುಳ್ಳೆನ್ನಬೇಕಾದರೆ ಹಕ್ಕು ಬಿಡಬೇಕು, ಹಕ್ಕು ಬೇಕೆಂದರೆ ಕಾಗದ ನಿಜವೆಂದು ಒಪ್ಪಬೇಕು.

ಹಾಗಾಗಿ ಪ್ರತಿ ನೋಟಿಸೂ ಒಂದೇ ಬಾರಿಗೆ ಎರಡು ಕೆಲಸ ಮಾಡುತ್ತದೆ: ದಾಖಲೆಗೆ ಸಾಚಾತನದ ಮುದ್ರೆ ಒತ್ತುತ್ತದೆ, ಅದನ್ನು ಇಟ್ಟುಕೊಂಡವರನ್ನು ಹೆದರಿಸುತ್ತದೆ. ಇಟ್ಟುಕೊಂಡವರು ಹೆದರದಿದ್ದರೆ ಮುದ್ರೆ ಉಳಿಯುತ್ತದೆ. ಹೆದರಿದರೆ ಮುದ್ರೆಯೊತ್ತಿದ ಕಾಗದವೇ ಇಲ್ಲವಾಗುತ್ತದೆ. ಇವೆರಡರಲ್ಲಿ ಯಾವುದಾಗಬೇಕೆಂದು ತೀರ್ಮಾನಿಸುವುದು ಕಂಪನಿಯಲ್ಲ, ಬಹಳ ಸಲ ನ್ಯಾಯಾಲಯವೂ ಅಲ್ಲ. ನಡುವೆ ನಿಂತ ಒಬ್ಬ ಗುಮಾಸ್ತ, ಒಬ್ಬ ಗ್ರಂಥಪಾಲಕ, ಒಬ್ಬ ವಿದ್ಯಾರ್ಥಿ.

ಮೂರನೆಯ ಪ್ರಸಂಗ ಈ ಮಾತನ್ನು ಇನ್ನಷ್ಟು ಸ್ಪಷ್ಟ ಮಾಡುತ್ತದೆ. ನ್ಯೂಯಾರ್ಕಿನ ವಾಸ್ತುಶಿಲ್ಪಿ ಜಾನ್ ಯಂಗ್ 1996ರಿಂದ ಕ್ರಿಪ್ಟೋಮ್ ಎಂಬ ಜಾಲತಾಣದಲ್ಲಿ ಸರ್ಕಾರ ಮತ್ತು ಕಂಪನಿಗಳ ದಾಖಲೆಗಳನ್ನು ಕೂಡಿಡುತ್ತಿದ್ದರು. 2009ರ ಡಿಸೆಂಬರಿನಲ್ಲಿ ಯಾಹೂ ಕಂಪನಿ, ಪೊಲೀಸರಿಗೆ ಗ್ರಾಹಕರ ಮಾಹಿತಿ ಒದಗಿಸುವ ತನ್ನ ಕೈಪಿಡಿಯನ್ನು ತೆಗೆಯುವಂತೆ ಅವರಿಗೆ ಪತ್ರ ಬರೆಯಿತು. ಯಾವ ಮಾಹಿತಿಗೆ ಎಷ್ಟು ಶುಲ್ಕ ಎಂಬ ದರಪಟ್ಟಿಯೂ ಅದರಲ್ಲಿತ್ತು. ಯಂಗ್ ತೆಗೆಯಲಿಲ್ಲ. ಎರಡು ತಿಂಗಳ ಮೇಲೆ ಮೈಕ್ರೋಸಾಫ್ಟಿನ ಅಂಥದೇ 22 ಪುಟದ ಕೈಪಿಡಿಯನ್ನು ಹಾಕಿದರು. ತನ್ನ ಸೇವೆಗಳನ್ನು ಬಳಸುವವರ ಯಾವ ವಿವರಗಳನ್ನು ಕಂಪನಿ ಇಟ್ಟುಕೊಳ್ಳುತ್ತದೆ, ಪೊಲೀಸರು ಅದನ್ನು ಪಡೆಯುವುದು ಹೇಗೆ ಎಂಬುದು ಅದರ ವಿಷಯ. ತಮ್ಮ ಬಗ್ಗೆ ಏನನ್ನು ಕೂಡಿಡಲಾಗಿದೆ ಎಂದು ತಿಳಿಯಲು ಬಳಕೆದಾರರಿಗೆ ಅದಕ್ಕಿಂತ ಒಳ್ಳೆಯ ಆಕರ ಇರಲಿಲ್ಲ.

ಮೈಕ್ರೋಸಾಫ್ಟ್ ಕಾಪಿರೈಟ್ ನೋಟಿಸು ಕೊಟ್ಟಿತು. ಯಂಗ್ ಈ ಸಲವೂ ಒಪ್ಪಲಿಲ್ಲ. 2010ರ ಫೆಬ್ರುವರಿ 24ರಂದು ಜಾಗ ಕೊಟ್ಟಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಆ ಒಂದು ಕೈಪಿಡಿಯನ್ನಷ್ಟೇ ಅಲ್ಲ, ಇಡೀ ಕ್ರಿಪ್ಟೋಮ್ ತಾಣವನ್ನೇ ಮುಚ್ಚಿತು. ಹದಿನಾಲ್ಕು ವರ್ಷ ಕೂಡಿಟ್ಟ ಪತ್ರಾಗಾರ 22 ಪುಟಗಳ ನೆಪದಲ್ಲಿ ಕಣ್ಮರೆಯಾಯಿತು. ಗದ್ದಲವೆದ್ದು, ಇಡೀ ತಾಣ ಮುಚ್ಚಿ ಎಂದು ನಾವು ಕೇಳಿರಲಿಲ್ಲ ಎಂದು ಹೇಳಿದ ಮೈಕ್ರೋಸಾಫ್ಟ್ ಮರುದಿನವೇ ನೋಟಿಸು ವಾಪಸು ಪಡೆಯಿತು. ತಾಣ ಮರಳಿ ಬಂತು. ಅಷ್ಟರಲ್ಲಿ ಕೈಪಿಡಿಯ ಪ್ರತಿಗಳು ಎಲ್ಲೆಲ್ಲೋ ಹೋಗಿದ್ದವು. ಸ್ವತಃ ಕಂಪನಿಯೂ ಕೇಳದಷ್ಟನ್ನು ಮಧ್ಯವರ್ತಿ ತೆಗೆದುಕೊಟ್ಟಿದ್ದು ಇಲ್ಲಿ ಗಮನಿಸಬೇಕಾದ ಸಂಗತಿ.

*

ನಮ್ಮಲ್ಲಿ ಹೇಗೆ? 2011ರಲ್ಲಿ ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಮಧ್ಯವರ್ತಿಗಳಿಗೆ ನಿಯಮಗಳನ್ನು ತಂದಿತು. ದೂರು ಬಂದ 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು ಅವು ಹೇಳಿದವು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ ಸಂಸ್ಥೆಗಾಗಿ ರಿಷಭ್ ದಾರಾ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಬೇಕೆಂದೇ ಹುರುಳಿಲ್ಲದ, ದೋಷಗಳಿರುವ ನೋಟಿಸುಗಳನ್ನು ಬರೆದು ಏಳು ಮಧ್ಯವರ್ತಿ ಕಂಪನಿಗಳಿಗೆ ಕಳುಹಿಸಿದರು. ಏಳರಲ್ಲಿ ಆರು ಕಂಪನಿಗಳು ಕೇಳಿದ್ದಕ್ಕಿಂತ ಹೆಚ್ಚೇ ತೆಗೆದುಹಾಕಿದವು. ನೋಟಿಸಿನಲ್ಲಿ ಏನಿದೆ ಎಂದು ಓದಿ ತೂಗಿ ನೋಡುವ ಗೋಜಿಗೆ ಅವು ಹೋಗಲಿಲ್ಲ. ಕ್ರಿಪ್ಟೋಮ್‌ಗೆ ಆದದ್ದು ಅಪವಾದವಲ್ಲ, ಅದೇ ರೂಢಿ ಎಂದು ಈ ಪ್ರಯೋಗ ತೋರಿಸಿತು.

2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಒಂದಿಷ್ಟು ಸರಿಪಡಿಸಿತು. ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಅಧಿಕೃತ ಸೂಚನೆ ಬಂದ ಮೇಲಷ್ಟೇ ಮಧ್ಯವರ್ತಿ ತೆಗೆಯಬೇಕು, ಯಾರೋ ಪತ್ರ ಬರೆದರೆಂದು ತೆಗೆಯಬೇಕಿಲ್ಲ ಎಂದಿತು. ಕಾಪಿರೈಟಿನ ದಾರಿ ಮಾತ್ರ ಬೇರೆಯಾಗಿಯೇ ಉಳಿದಿದೆ. 2012ರಲ್ಲಿ ತಿದ್ದುಪಡಿಯಾದ ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಕಲಮಿನ ಪ್ರಕಾರ, ಹಕ್ಕುದಾರರ ದೂರು ಬಂದರೆ ಮಧ್ಯವರ್ತಿ 21 ದಿನ ತಡೆಹಿಡಿಯಬೇಕಾಗುತ್ತದೆ. ಅಷ್ಟರಲ್ಲಿ ದೂರುದಾರರು ನ್ಯಾಯಾಲಯದ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಅದೇ ಕಲಮಿನಲ್ಲಿ ಸಂಶೋಧನೆಗೆ, ವಿಮರ್ಶೆಗೆ ಕೃತಿಯನ್ನು ನ್ಯಾಯವಾಗಿ ಬಳಸಿಕೊಳ್ಳಲು ಅವಕಾಶವೂ ಇದೆ. ಇನ್ನು, ರಿಜಿಸ್ಟ್ರಾರರ ಬಳಿಯಿರುವ ಕಂಪನಿಯ ದಾಖಲೆಗಳನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು, ಪ್ರತಿ ಪಡೆಯಬಹುದು ಎನ್ನುತ್ತದೆ 2013ರ ಕಂಪನಿ ಕಾಯ್ದೆಯ 399ನೇ ಕಲಂ. ಇವೆಲ್ಲ ನಾನು ತಡವಾಗಿ ಓದಿಕೊಂಡದ್ದು. ಆ ರಾತ್ರಿ ಓದಿದ್ದರೆ ಕನಿಷ್ಠ ಒಂದು ಉತ್ತರವನ್ನಾದರೂ ಬರೆಯುತ್ತಿದ್ದೆ.

ತೆಗೆಯಿರಿ ಎಂದು ಕೇಳುವುದೆಲ್ಲ ತಪ್ಪು ಎಂದು ನಾನು ಹೇಳುತ್ತಿಲ್ಲ. ಕಂಪನಿಯ ಕಡತದಲ್ಲಿ ನೌಕರರ ಮನೆ ವಿಳಾಸವಿರುತ್ತದೆ, ಕಾಯಿಲೆಯ ವಿವರವಿರುತ್ತದೆ. ಅವನ್ನು ಮರೆಮಾಡಿ ಎನ್ನುವುದು ನ್ಯಾಯ. ನಾನೂ ನನ್ನ ಪ್ರಬಂಧದಲ್ಲಿ ಕಾರ್ಮಿಕರ ಹೆಸರುಗಳನ್ನು ಬದಲಿಸಿದ್ದೇನೆ. ಆದರೆ ತಂಬಾಕಿನ ಟಿಪ್ಪಣಿಯಾಗಲಿ, ಮೈನಸ್ 16,022 ಮತಗಳ ಲೆಕ್ಕವಾಗಲಿ, ಗ್ರ್ಯಾಚುಟಿಯ ಒಂದು ಸಾಲಾಗಲಿ ಯಾರ ಖಾಸಗಿ ಬದುಕಿನ ಮಾತೂ ಅಲ್ಲ. ಕಂಪನಿ ಮತ್ತು ಜನರ ನಡುವಿನ ವ್ಯವಹಾರದ ಲೆಕ್ಕ ಅದು. ಆ ಲೆಕ್ಕದ ಒಂದು ಪ್ರತಿ ಜನರ ಕಡೆಗೂ ಇರಬೇಕು.

ಈ ಪ್ರಸಂಗಗಳನ್ನೆಲ್ಲ ಓದಿದ ಮೇಲೆ ಕಳೆದ ವರ್ಷ ನಾನು ಮತ್ತೆ ಆ ಗಿರಣಿ ಊರಿಗೆ ಹೋದೆ. ಷೇರುದಾರರ ಮನೆಯವರನ್ನು ಒಪ್ಪಿಸಿ, ಹನ್ನೊಂದೂ ಮೂಲ ವರದಿಗಳನ್ನು ಅಲ್ಲಿನ ಒಂದು ಹಳೆಯ ಕಾಲೇಜಿನ ಗ್ರಂಥಾಲಯಕ್ಕೆ ಅವರ ಹೆಸರಿನಲ್ಲೇ ದಾನ ಕೊಡಿಸಿದೆ. ನೋಟಿಸಿನ ಸಂಗತಿಯನ್ನೂ ಗ್ರಂಥಪಾಲಕರಿಗೆ ಮುಚ್ಚಿಡದೆ ಹೇಳಿದೆ. ಇವನ್ನೂ ತೆಗೆಯಿರಿ ಎಂದು ಪತ್ರ ಬಂದರೆ ಏನು ಮಾಡುತ್ತೀರಿ ಸರ್ ಎಂದು ಕೇಳಿದೆ. ಅವರು ಕನ್ನಡಕ ಮೇಲೇರಿಸಿ, ದಪ್ಪನೆಯ ಪರಿಗ್ರಹಣ ವಹಿಯಲ್ಲಿ ಒಂದೊಂದಾಗಿ ಕ್ರಮಸಂಖ್ಯೆ ಬರೆಯುತ್ತಲೇ ಉತ್ತರ ಕೊಟ್ಟರು. “ವಹಿಗೆ ಏರಿದ ಮ್ಯಾಲೆ ಅದು ನಂದೂ ಅಲ್ಲ, ನಿಮ್ದೂ ಅಲ್ರಿ ಮೇಡಂ. ತೆಗೀಬೇಕಂದ್ರ ಕಮಿಟಿ ಕೂಡಬೇಕು, ಠರಾವು ಆಗಬೇಕು. ಅಷ್ಟು ಸರಳ ಐತೇನು?”

ಆಮೇಲೆ ನೇಯ್ಗೆ ವಿಭಾಗದ ಹಿರಿಯರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಆ ಕಾಲೇಜಿನ ಮೆಟ್ಟಿಲು ಹತ್ತಿದವರೇ ಅಲ್ಲವಂತೆ. ಹೊರಗಿನವರನ್ನು ಒಳಗೆ ಬಿಡುತ್ತಾರೇನು ಎಂದು ಕೇಳಿದರು. ಬಿಡುತ್ತಾರೆ, ಬಾಗಿಲಲ್ಲಿರುವ ಪುಸ್ತಕದಲ್ಲಿ ರುಜು ಮಾಡಬೇಕು ಅಷ್ಟೆ ಎಂದೆ. ವರದಿಗಳ ಕ್ರಮಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಎರಡು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡು, “ನಾಳೆ ಸುಟ್ಟಿ ಇಲ್ಲಲ್ಲ?” ಎಂದರು.